ಎಚ್‌ಐವಿ ಜೊತೆ ಬದುಕುವವರಲ್ಲಿ ಹರ್ಪಿಸ್ ವೈರಾಣುಗಳು: ಕೊಡಗಿನಲ್ಲಿ ನಾವು ಎಣಿಸಬೇಕಾದುದು ಏನನ್ನು?

ಆಪ್ತ ಸಮಾಲೋಚಕಿ, ಸೋಮವಾರಪೇಟೆ

ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆಗಳನ್ನು ತಪ್ಪದೆ ತೆಗೆದುಕೊಳ್ಳುತ್ತಿರುವ, ಆರೋಗ್ಯವಾಗಿಯೇ ಇರುವ ಒಬ್ಬರು ಖಾಸಗಿ ಪ್ರಯೋಗಾಲಯವೊಂದರಲ್ಲಿ ತಾವಾಗಿ ಒಂದು ರಕ್ತಪರೀಕ್ಷೆ ಮಾಡಿಸಿಕೊಂಡು ಬಂದರು. ವರದಿಯಲ್ಲಿ ಸೈಟೊಮೆಗಾಲೊವೈರಸ್ ಐಜಿಜಿ ಪಾಸಿಟಿವ್, ಹರ್ಪಿಸ್ ಸಿಂಪ್ಲೆಕ್ಸ್ ಐಜಿಜಿ ಪಾಸಿಟಿವ್ ಎಂದು ದಪ್ಪ ಅಕ್ಷರಗಳಲ್ಲಿ ಮುದ್ರಿಸಿದ್ದರು. ಎಚ್‌ಐವಿ ಸಾಲದೆಂಬಂತೆ ಇನ್ನೆರಡು ರೋಗಗಳು ಬಂದವೆಂದು ಅವರು ಊಟ ನಿದ್ರೆ ಬಿಟ್ಟು ಕೂತಿದ್ದಾರೆ. ನಾನು ಸಮಾಧಾನ ಹೇಳಿದೆ. ಆದರೆ ಸಮಾಧಾನಕ್ಕೆ ಆಧಾರವಾಗಿ ಹೇಳಬೇಕಾದ ಅಂಕಿ-ಅಂಶ ನನ್ನ ಬಳಿ ಸಾಕಷ್ಟು ಇರಲಿಲ್ಲ.

ಇದೇ ಹೊತ್ತಿಗೆ ನಮ್ಮ ಗೆಳೆಯರ ಬಳಗದಲ್ಲಿ ಇನ್ನೊಂದು ಮಾತು ಎದ್ದಿದೆ. ಕೊಡಗಿನಲ್ಲಿ ಎಚ್‌ಐವಿ ಜೊತೆ ಬದುಕುತ್ತಿರುವ ಎಲ್ಲರ ರಕ್ತವನ್ನೂ ಹರ್ಪಿಸ್ ಗುಂಪಿನ ವೈರಾಣುಗಳಿಗಾಗಿ ಪರೀಕ್ಷಿಸಿ, ಸಹಸೋಂಕಿನ ಪ್ರಮಾಣ ಎಷ್ಟೆಂದು ತಿಳಿಯಬೇಕು ಎಂಬುದು ಆ ಮಾತು. ಈ ಸಮೀಕ್ಷೆಯಿಂದ ಜನರಿಗೆ ಏನು ಸಿಗುತ್ತದೆ, ಆ ವರದಿಯನ್ನು ಹೇಗೆ ಓದಬೇಕು, ಎರಡನ್ನೂ ತಿಳಿದವರು ದಯವಿಟ್ಟು ಬಿಡಿಸಿ ಬರೆಯಬೇಕೆಂದು ಕೋರುತ್ತೇನೆ.

ಸೂಕ್ಷ್ಮಜೀವಿಶಾಸ್ತ್ರ ಬೋಧಕ, ಮಡಿಕೇರಿ

ಮೊದಲು ಆ ವರದಿಯ ವಿಷಯ. ಮನುಷ್ಯರಲ್ಲಿ ನೆಲೆಸುವ ಹರ್ಪಿಸ್ ವೈರಾಣುಗಳನ್ನು ಸಾಮಾನ್ಯವಾಗಿ ಎಂಟು ಎಂದು ಎಣಿಸುತ್ತಾರೆ. ಆರನೆಯದನ್ನು ಎರಡಾಗಿ ಒಡೆದು ನೋಡಿದರೆ ಒಂಬತ್ತು. ಹೆಚ್ಚಾಗಿ ಬಾಯಿಯ ಸುತ್ತ ಹುಣ್ಣು ಮಾಡುವ ಹರ್ಪಿಸ್ ಸಿಂಪ್ಲೆಕ್ಸ್ 1, ಹೆಚ್ಚಾಗಿ ಜನನಾಂಗದಲ್ಲಿ ಹುಣ್ಣು ಮಾಡುವ ಸಿಂಪ್ಲೆಕ್ಸ್ 2, ಸಿಡುಬು ಅಲ್ಲದ ಆ ನೀರುಗುಳ್ಳೆಯ ಚಿಕನ್‌ಪಾಕ್ಸ್ ಹಾಗೂ ಸರ್ಪಸುತ್ತು ಎರಡಕ್ಕೂ ಕಾರಣವಾಗುವ ವೆರಿಸೆಲ್ಲಾ ಜೋಸ್ಟರ್, 1964ರಲ್ಲಿ ಗುರುತಿಸಲಾದ ಎಪ್‌ಸ್ಟೀನ್-ಬಾರ್, ಸೈಟೊಮೆಗಾಲೊವೈರಸ್, ಆರು ಮತ್ತು ಏಳನೆಯ ಸಂಖ್ಯೆಯವು, ಕೊನೆಗೆ 1994ರಲ್ಲಿ ಪತ್ತೆಯಾದ, ಕಪೋಸಿ ಸಾರ್ಕೋಮಾ ಎಂಬ ಗೆಡ್ಡೆಗೆ ಕಾರಣವಾಗುವ ಎಂಟನೆಯದು. ಇವೆಲ್ಲಕ್ಕೂ ಒಂದು ಸಮಾನ ಗುಣವಿದೆ. ಒಮ್ಮೆ ದೇಹವನ್ನು ಹೊಕ್ಕರೆ ಹೊರಗೆ ಹೋಗುವುದಿಲ್ಲ. ನರಕೋಶಗಳಲ್ಲೋ ಬಿಳಿ ರಕ್ತಕಣಗಳಲ್ಲೋ ಸದ್ದಿಲ್ಲದೆ ಉಳಿದುಬಿಡುತ್ತವೆ.

ಐಜಿಜಿ ಎಂಬುದು ಸೋಂಕಿನ ವಿರುದ್ಧ ದೇಹ ತಯಾರಿಸುವ, ಬಹುಕಾಲ ಉಳಿಯುವ ಪ್ರತಿಕಾಯ. ಆದ್ದರಿಂದ ಐಜಿಜಿ ಪಾಸಿಟಿವ್ ಎಂದರೆ ಆ ವೈರಾಣು ಎಂದೋ ಒಂದು ದಿನ ದೇಹಕ್ಕೆ ಬಂದಿತ್ತು ಎಂದಷ್ಟೇ ಅರ್ಥ. ಅದು ಈಗ ಕಾಯಿಲೆ ಮಾಡುತ್ತಿದೆ ಎಂದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ 50 ವರ್ಷಕ್ಕಿಂತ ಕಡಿಮೆ ವಯಸ್ಸಿನ ಜಗತ್ತಿನ ಜನರಲ್ಲಿ ಸುಮಾರು 380 ಕೋಟಿ ಮಂದಿ, ಅಂದರೆ ಶೇ. 64ರಷ್ಟು, ಸಿಂಪ್ಲೆಕ್ಸ್ 1ನ್ನು ಹೊತ್ತಿದ್ದರು. ಎಪ್‌ಸ್ಟೀನ್-ಬಾರ್ ವಯಸ್ಕರಲ್ಲಿ ಶೇ. 90ನ್ನು ಮೀರುತ್ತದೆ. ಭಾರತದಲ್ಲಿ ಸೈಟೊಮೆಗಾಲೊವೈರಸ್ಸನ್ನು ಹೊತ್ತ ವಯಸ್ಕರೂ ಅಷ್ಟೇ ಸಾಮಾನ್ಯ. ನಿಮ್ಮ ಬಳಿಗೆ ಬಂದವರಿಗೆ ಆ ವರದಿ ನೀಡಿದ ಪ್ರಯೋಗಾಲಯದ ಸಿಬ್ಬಂದಿಯನ್ನೇ ಪರೀಕ್ಷಿಸಿದ್ದರೂ ಹೆಚ್ಚಿನವರದು ಅದೇ ಫಲಿತಾಂಶ ಬರುತ್ತಿತ್ತು ಎಂದು ಅವರಿಗೆ ಹೇಳಿ.

ಎರಡನೆಯ ಪ್ರಶ್ನೆ ಗಟ್ಟಿಯಾದದ್ದು. ಸಹಸೋಂಕಿನ ಪ್ರಮಾಣವೆಂದು ನಾವು ಓದುವ ಅಂಕಿಗಳಲ್ಲಿ ಕನಿಷ್ಠ ಮೂರು ಬೇರೆ ಬೇರೆ ಸಂಗತಿಗಳು ಬೆರೆತಿರುತ್ತವೆ. ಪ್ರತಿಕಾಯ ಹುಡುಕಿದರೆ ಸಿಗುವ ಪ್ರಮಾಣ ಒಂದು. ರಕ್ತದಲ್ಲೋ ಹುಣ್ಣಿನ ದ್ರವದಲ್ಲೋ ಪಿಸಿಆರ್ ಮೂಲಕ ವೈರಾಣುವಿನ ಡಿಎನ್‌ಎ ಹುಡುಕಿದರೆ ಸಿಗುವುದು ಅದಕ್ಕಿಂತ ತುಂಬ ಕಡಿಮೆಯ ಇನ್ನೊಂದು. ವೈದ್ಯರು ಕಣ್ಣಾರೆ ಕಾಣುವ ಕಾಯಿಲೆಯ ಪ್ರಮಾಣ ಅದಕ್ಕಿಂತಲೂ ಕಡಿಮೆಯ ಮತ್ತೊಂದು. ಒಂದು ವರದಿ ಶೇ. 95 ಎಂದೂ ಮತ್ತೊಂದು ಶೇ. 8 ಎಂದೂ ಹೇಳಿದಾಗ ಎರಡೂ ಸರಿಯಾಗಿರಲು ಸಾಧ್ಯವಿದೆ. ಜೊತೆಗೆ, ಅವರು ಎಣಿಸಿದ್ದು ಯಾರನ್ನು ಎಂಬುದನ್ನು ನೋಡಬೇಕು. ವಾರ್ಡಿನಲ್ಲಿ ಮಲಗಿರುವ, ಸಿಡಿ4 ಎಣಿಕೆ (ಎಚ್‌ಐವಿ ನಾಶಮಾಡುವ ರೋಗನಿರೋಧಕ ಕೋಶಗಳು ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಎಷ್ಟಿವೆ ಎಂಬ ಲೆಕ್ಕ) ಕುಸಿದ ರೋಗಿಗಳಲ್ಲಿ ಸಿಗುವ ಅಂಕಿಯನ್ನು, ಮಾತ್ರೆ ತೆಗೆದುಕೊಂಡು ಹೋಗಲು ಬರುವ ಆರೋಗ್ಯವಂತರಿಗೆ ಅನ್ವಯಿಸುವುದು ಅನ್ಯಾಯ.

ಚಿಕ್ಕ ಜಿಲ್ಲೆಯ ತೊಂದರೆಯೂ ಒಂದಿದೆ. ಉದಾಹರಣೆಗೆ 30 ಜನರನ್ನು ಪರೀಕ್ಷಿಸಿ 24 ಮಂದಿಯಲ್ಲಿ ಸೋಂಕು ಕಂಡರೆ ಶೇ. 80 ಎಂದು ಬರೆಯಬಹುದು; ಆದರೆ ನಿಜವಾದ ಪ್ರಮಾಣ ಸುಮಾರು ಶೇ. 61ರಿಂದ 92ರವರೆಗೆ ಎಲ್ಲಿಯಾದರೂ ಇರಬಹುದು. ಆ ವಿಸ್ತಾರವನ್ನು ಬರೆಯದೆ ಒಂದೇ ಅಂಕಿಯನ್ನು ಪತ್ರಿಕೆಗೆ ಕೊಟ್ಟರೆ ಅದು ಊರೂರು ಸುತ್ತುತ್ತದೆ.

ತೋಟದ ರೈಟರ್, ಸಿದ್ದಾಪುರ

ಬೋಧಕರು ಸರ್ಪಸುತ್ತನ್ನು ಈ ಪಟ್ಟಿಯಲ್ಲಿ ಸೇರಿಸಿದ್ದನ್ನು ಓದಿ ಕೇಳುತ್ತಿದ್ದೇನೆ. ತೋಟದ ಕೂಲಿಯವರು ಇರುವ ನಮ್ಮ ಲೈನ್ ಮನೆಗಳಲ್ಲಿ ಯಾರಿಗಾದರೂ ಸರ್ಪಸುತ್ತು ಎದ್ದರೆ ಮೊದಲು ಮಂತ್ರ ಹಾಕುವವರನ್ನು ಹುಡುಕುತ್ತಾರೆ, ಕೆಮ್ಮಣ್ಣು ಬಳಿಸುತ್ತಾರೆ, ಸುತ್ತಿನ ಎರಡು ತುದಿ ಕೂಡಿದರೆ ಜೀವಕ್ಕೇ ಅಪಾಯವೆಂದು ಹೆದರುತ್ತಾರೆ. ಕಾಫಿ ಕೊಯ್ಲಿನ ಸಮಯದಲ್ಲಿ ಒಂದು ದಿನದ ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗಲು ಅಸ್ಸಾಮಿನಿಂದ ಬಂದವರಾಗಲಿ ನಮ್ಮ ಪಣಿಯೆರವರಾಗಲಿ ಸುಲಭಕ್ಕೆ ಒಪ್ಪುವುದಿಲ್ಲ. ಸರ್ಪಸುತ್ತಿಗೂ ಎಚ್‌ಐವಿಗೂ ನಂಟಿದೆ ಎಂದು ನಾನು ಹೇಳಿದರೆ ಆ ಮನುಷ್ಯನನ್ನು ಸಾಲಿನಲ್ಲಿ ಯಾರೂ ಪಕ್ಕಕ್ಕೆ ಸೇರಿಸುವುದಿಲ್ಲ. ಹೇಗೆ ಹೇಳಬೇಕು, ಹೇಳಲೇಬೇಕೇ?

ವೈದ್ಯೆ, ವಿರಾಜಪೇಟೆ

ಈ ಚರ್ಚೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ ಪ್ರಶ್ನೆ ಇದು. ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಸರ್ಪಸುತ್ತು ಬಂದವರಲ್ಲಿ ಹೆಚ್ಚಿನವರಿಗೆ ಎಚ್‌ಐವಿ ಇರುವುದಿಲ್ಲ. ವಯಸ್ಸಾದಂತೆ ಯಾರಿಗಾದರೂ ಬರಬಹುದು. ಸಕ್ಕರೆ ಕಾಯಿಲೆ ಇರುವವರಿಗೆ, ಸ್ಟೆರಾಯ್ಡ್ ತೆಗೆದುಕೊಳ್ಳುವವರಿಗೆ ಬರುತ್ತದೆ, ಯಾವ ಕಾರಣವೂ ಇಲ್ಲದೆಯೂ ಬರುತ್ತದೆ. ಈ ಮಾತನ್ನೇ ಮೊದಲು ಹೇಳಿ. ಆದರೆ ಇಪ್ಪತ್ತು ಮೂವತ್ತರ ಹರೆಯದವರಿಗೆ ಬಂದಾಗ, ಮತ್ತೆ ಮತ್ತೆ ಬಂದಾಗ, ಅಥವಾ ಒಂದೇ ಪಟ್ಟಿಯಲ್ಲಿ ನಿಲ್ಲದೆ ಮೈಯ ಹಲವು ಕಡೆ ಹರಡಿದಾಗ, ಒಪ್ಪಿಗೆ ಕೇಳಿ ಎಚ್‌ಐವಿ ಪರೀಕ್ಷೆಗೆ ಸಲಹೆ ನೀಡುವುದು ವೈದ್ಯರ ಕರ್ತವ್ಯ. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಸರ್ಪಸುತ್ತು ಎಚ್‌ಐವಿಯ ಎರಡನೆಯ ಹಂತದ ಲಕ್ಷಣ. ಸಿಡಿ4 ತೀರಾ ಕುಸಿಯುವ ಮೊದಲೇ ಅದು ಕಾಣಿಸಿಕೊಳ್ಳುತ್ತದಾದ್ದರಿಂದ, ಸೋಂಕನ್ನು ಬೇಗ ಪತ್ತೆಹಚ್ಚಲು ಸಿಗುವ ಒಳ್ಳೆಯ ಅವಕಾಶ ಅದು. ಎಆರ್‌ಟಿ ಇಲ್ಲದ ಕಾಲದ ಒಂದು ಲೆಕ್ಕವನ್ನು ನೆನಪಿಡಬಹುದು. ಸ್ಯಾನ್ ಫ್ರಾನ್ಸಿಸ್ಕೋದ ಪುರುಷರ ಕುರಿತು 1992ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಚ್‌ಐವಿ ಇದ್ದವರಲ್ಲಿ ಪ್ರತಿ 1000 ವ್ಯಕ್ತಿ-ವರ್ಷಗಳಿಗೆ (ಸಾವಿರ ಜನರನ್ನು ಒಂದು ವರ್ಷ ಗಮನಿಸಿದಂತೆ) 29.4 ಬಾರಿ ಸರ್ಪಸುತ್ತು ಕಂಡರೆ, ಇಲ್ಲದವರಲ್ಲಿ 2.0 ಬಾರಿ ಕಂಡಿತ್ತು. ಹೊತ್ತಿರುವ ವೈರಾಣು ಇಬ್ಬರಲ್ಲೂ ಅದೇ. ವ್ಯತ್ಯಾಸ ಅದನ್ನು ಅಡಗಿಸಿಡುವ ರೋಗನಿರೋಧಕ ಶಕ್ತಿಯದು.

ಎಆರ್‌ಟಿ ಆರಂಭಿಸಿದ ಮೊದಲ ಕೆಲವು ತಿಂಗಳಲ್ಲಿ, ನಿರೋಧಕ ಶಕ್ತಿ ಚೇತರಿಸಿಕೊಳ್ಳುವ ಹೊತ್ತಿನಲ್ಲಿಯೇ, ಸರ್ಪಸುತ್ತು ಏಳುವುದೂ ಉಂಟು. ಆಗ ಮಾತ್ರೆ ಒಗ್ಗಲಿಲ್ಲವೆಂದು ಎಆರ್‌ಟಿ ನಿಲ್ಲಿಸಿಬಿಡುವವರಿದ್ದಾರೆ. ಖಂಡಿತ ನಿಲ್ಲಿಸಬಾರದು. ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ನಡೆಯಬಹುದು.

ರೈಟರ್ ಅವರೇ, ನೀವು ಎಚ್‌ಐವಿಯ ಮಾತು ಎತ್ತಬೇಕಾಗಿಲ್ಲ. ಗುಳ್ಳೆ ಎದ್ದು 72 ಗಂಟೆಗಳೊಳಗೆ ವೈರಾಣುವನ್ನು ತಡೆಯುವ ಅಸೈಕ್ಲೊವಿರ್ ಮಾತ್ರೆ ಆರಂಭಿಸಿದರೆ ಹೆಚ್ಚು ಪ್ರಯೋಜನ, ತಡವಾದರೆ ಉರಿನೋವು ತಿಂಗಳುಗಟ್ಟಲೆ ಉಳಿದು ಬುಟ್ಟಿ ಸೊಂಟಕ್ಕೆ ಕಟ್ಟಲೂ ಆಗುವುದಿಲ್ಲ ಎಂದಷ್ಟು ಹೇಳಿ ಕಳುಹಿಸಿ. ಕೆಮ್ಮಣ್ಣು ಬಳಿಯುವುದನ್ನು ಕುರಿತು ಜಗಳ ಬೇಡ, ಒಡೆದ ಗುಳ್ಳೆಯ ಮೇಲೆ ಮಾತ್ರ ಬಳಿಯಬೇಡಿ ಎನ್ನಿ, ಕೀವಾಗುತ್ತದೆ. ಮೂಗಿನ ತುದಿಯಲ್ಲೋ ಹಣೆಯಲ್ಲೋ ಗುಳ್ಳೆ ಎದ್ದರೆ ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಬೇಕು. ಗುಳ್ಳೆಯ ನೀರು ತಾಗಿದರೆ, ಚಿಕನ್‌ಪಾಕ್ಸ್ ಬಂದಿರದವರಿಗೆ ಚಿಕನ್‌ಪಾಕ್ಸ್ ಬರಬಹುದಾದ್ದರಿಂದ, ಒಂದೇ ಕೋಣೆಯಲ್ಲಿ ಗರ್ಭಿಣಿಯೋ ಹಸುಗೂಸೋ ಇದ್ದರೆ ಹುಣ್ಣು ಒಣಗುವವರೆಗೆ ಬಟ್ಟೆಯಿಂದ ಮುಚ್ಚಿರಲಿ. ಎಚ್‌ಐವಿ ಪರೀಕ್ಷೆಯ ಮಾತನ್ನು ಆಸ್ಪತ್ರೆಯಲ್ಲಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ, ನಾವು ಆಡುತ್ತೇವೆ.

ಎಚ್‌ಐವಿ ಜೊತೆ ಬದುಕುತ್ತಿರುವ ಸದಸ್ಯರು (ಊರು ಬೇಡ)

ನನ್ನಂಥವರ ಬಗ್ಗೆಯೇ ಮಾತು ನಡೆಯುತ್ತಿರುವುದರಿಂದ ನಾನೂ ಬರೆಯಬೇಕೆನಿಸಿತು. ಸಮೀಕ್ಷೆ ಎಂಬ ಪದ ಕೇಳಿದೊಡನೆ ನನಗೆ ಭಯವಾಗುತ್ತದೆ. ಕೊಡಗು ದೊಡ್ಡ ನಗರವಲ್ಲ. ಮಡಿಕೇರಿಯ ಬಸ್ಸಿನಿಂದ ಇಳಿದು ಆಸ್ಪತ್ರೆಯ ಕಡೆ ಏರು ಹತ್ತುವಾಗ ಪರಿಚಯದ ನಾಲ್ಕು ಮುಖ ಎದುರಾಗುತ್ತವೆ, ಯಾರ ಮನೆಯವರು, ಯಾಕೆ ಬಂದರು ಎಂದು ಕೇಳುತ್ತಾರೆ. ಎಚ್‌ಐವಿಯ ಗುಟ್ಟನ್ನೇ ಕಾಪಾಡಿಕೊಳ್ಳುವುದು ಇಷ್ಟು ಕಷ್ಟವಿರುವಾಗ, ಅದರ ಪಕ್ಕದಲ್ಲಿ ಜನನಾಂಗದ ಹರ್ಪಿಸ್ ಎಂದು ಇನ್ನೊಂದು ಕಾಲಂ ತುಂಬಿಸಿಟ್ಟರೆ ಅದನ್ನು ಯಾರು ಯಾರು ಓದುತ್ತಾರೆ? ಆ ಕಾಲಂನಿಂದ ನನ್ನ ಚಿಕಿತ್ಸೆಯಲ್ಲಿ ಏನಾದರೂ ಬದಲಾಗುತ್ತದೆಯೇ? ಬದಲಾಗುವುದಾದರೆ ನಾನೇ ಮೊದಲು ತೋಳು ಚಾಚುತ್ತೇನೆ. ಬದಲಾಗದಿದ್ದರೆ ನನ್ನ ರಕ್ತ ಯಾರದೋ ಪ್ರಬಂಧಕ್ಕೆ ಅಂಕಿಯಾಗುವುದು ನನಗೆ ಇಷ್ಟವಿಲ್ಲ.

ಸಾರ್ವಜನಿಕ ಆರೋಗ್ಯ ವಿದ್ಯಾರ್ಥಿ, ಕುಶಾಲನಗರ

ಸಮೀಕ್ಷೆಯ ಪರವಾಗಿ ಮಾತಾಡಿದವರಲ್ಲಿ ನಾನೂ ಒಬ್ಬ. ಮೇಲಿನ ಸದಸ್ಯರ ಆತಂಕವನ್ನು ಗೌರವಿಸಿಯೇ ನನ್ನ ಕಾರಣವನ್ನು ಹೇಳುತ್ತೇನೆ. ಸಿಂಪ್ಲೆಕ್ಸ್ 2 ಇರುವವರಿಗೆ ಎಚ್‌ಐವಿ ತಗಲುವ ಸಾಧ್ಯತೆ ಸುಮಾರು 3 ಪಟ್ಟು ಹೆಚ್ಚು ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳಿದ್ದಾರೆ. ಹುಣ್ಣಿನಿಂದ ಚರ್ಮ ಬಿರಿದಿರುತ್ತದೆ. ಹುಣ್ಣು ಮಾಗಿದ ಮೇಲೂ ಅಲ್ಲಿ ಎಚ್‌ಐವಿ ಹಿಡಿಯುವ ಸಿಡಿ4 ಕೋಶಗಳು ಗುಂಪಾಗಿ ಉಳಿದಿರುತ್ತವೆ. ಅಮೆರಿಕದ ಚಿಕಿತ್ಸಾ ಮಾರ್ಗಸೂಚಿಗಳ ಪ್ರಕಾರ ಎಚ್‌ಐವಿ ಜೊತೆ ಬದುಕುವವರಲ್ಲಿ ಸುಮಾರು ಶೇ. 70 ಮಂದಿಗೆ ಸಿಂಪ್ಲೆಕ್ಸ್ 2 ಇದೆ. ಸಿಂಪ್ಲೆಕ್ಸ್ 1 ಮತ್ತು 2ರಲ್ಲಿ ಒಂದಾದರೂ ಇರುವವರು ಶೇ. 95. ಜಗತ್ತಿನ 15ರಿಂದ 49 ವರ್ಷದ ಸಾಮಾನ್ಯ ಜನರಲ್ಲಿ ಸಿಂಪ್ಲೆಕ್ಸ್ 2 ಶೇ. 13ರಷ್ಟು ಮಾತ್ರ. ಎಚ್‌ಐವಿ ಮತ್ತು ಸಿಂಪ್ಲೆಕ್ಸ್ 2 ಎರಡೂ ಲೈಂಗಿಕ ಸಂಪರ್ಕದ ದಾರಿಯಲ್ಲಿ ಹರಡುತ್ತಿರುವಾಗ, ಒಂದರ ಪ್ರಮಾಣ ತಿಳಿದರೆ ಇನ್ನೊಂದರ ತಡೆಗೆ ಸಹಾಯವಾಗುವುದಿಲ್ಲವೇ? ಹರ್ಪಿಸ್ಸನ್ನು ಅಸೈಕ್ಲೊವಿರ್‌ನಿಂದ ಅಡಗಿಸಿಟ್ಟರೆ ಎಚ್‌ಐವಿ ಹರಡುವುದೂ ಕಡಿಮೆಯಾಗಬೇಕಲ್ಲವೇ?

ಸೂಕ್ಷ್ಮಜೀವಿಶಾಸ್ತ್ರ ಬೋಧಕ, ಮಡಿಕೇರಿ

ತರ್ಕ ಸರಿಯಾಗಿದೆ, ಎಷ್ಟು ಸರಿಯೆಂದರೆ ಅದನ್ನು ಪರೀಕ್ಷಿಸಲು ದೊಡ್ಡ ಪ್ರಯೋಗವನ್ನೇ ನಡೆಸಿದರು. ಆಫ್ರಿಕಾದ 7 ದೇಶಗಳಲ್ಲಿ, ಒಬ್ಬರಿಗೆ ಎಚ್‌ಐವಿ ಮತ್ತು ಸಿಂಪ್ಲೆಕ್ಸ್ 2 ಎರಡೂ ಇದ್ದು ಸಂಗಾತಿಗೆ ಎಚ್‌ಐವಿ ಇಲ್ಲದ 3,408 ಜೋಡಿಗಳು ಅದರಲ್ಲಿ ಭಾಗವಹಿಸಿದವು. ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ದಿನವೂ ಅಸೈಕ್ಲೊವಿರ್ ಪಡೆದವರಲ್ಲಿ ಸಿಂಪ್ಲೆಕ್ಸ್ 2ರಿಂದಾಗುವ ಜನನಾಂಗದ ಹುಣ್ಣು ಶೇ. 73ರಷ್ಟು ತಗ್ಗಿತು, ರಕ್ತದಲ್ಲಿ ಎಚ್‌ಐವಿಯ ಮಟ್ಟವೂ ಸ್ವಲ್ಪ ಇಳಿಯಿತು. ಆದರೆ ಸಂಗಾತಿಗೆ ಎಚ್‌ಐವಿ ದಾಟುವುದು ಕಡಿಮೆಯಾಗಲಿಲ್ಲ. ಹುಣ್ಣಿನ ನೋವಿಗೆ ಅಸೈಕ್ಲೊವಿರ್ ಬೇಕು, ಎಚ್‌ಐವಿ ದಾಟದಿರಲು ಎಆರ್‌ಟಿ ಬೇಕು. ವೈರಲ್ ಲೋಡ್, ಅಂದರೆ ರಕ್ತದಲ್ಲಿನ ಎಚ್‌ಐವಿಯ ಮಟ್ಟ, ಪತ್ತೆಯಾಗದಷ್ಟು ಇಳಿದು ಅಲ್ಲೇ ಉಳಿದವರಿಂದ ಲೈಂಗಿಕ ಸಂಪರ್ಕದಲ್ಲಿ ಎಚ್‌ಐವಿ ಹರಡುವುದಿಲ್ಲ; ಅವರಲ್ಲಿ ಹರ್ಪಿಸ್ ಇದ್ದರೂ ಈ ಮಾತು ನಿಲ್ಲುತ್ತದೆ.

ಪರೀಕ್ಷೆಯ ಮಿತಿಯನ್ನೂ ಹೇಳಬೇಕು. ಸಿಂಪ್ಲೆಕ್ಸ್ 1 ಮತ್ತು 2ನ್ನು ಬೇರ್ಪಡಿಸಲು ವೈರಾಣುವಿನ ಗ್ಲೈಕೊಪ್ರೋಟೀನ್ ಜಿ ಎಂಬ ಪ್ರೋಟೀನನ್ನು ಆಧರಿಸಿದ ಪರೀಕ್ಷೆ ಬೇಕು. ನಮ್ಮ ಪ್ಯಾಕೇಜ್ ವರದಿಗಳಲ್ಲಿ ಎರಡನ್ನೂ ಕೂಡಿಸಿ ಪಾಸಿಟಿವ್ ಎಂದು ಬರೆದಿರುವುದು ಸಾಮಾನ್ಯ; ಅದರಿಂದ ಜನನಾಂಗದ ಹರ್ಪಿಸ್ ಇದೆ ಎಂದು ತೀರ್ಮಾನಿಸುವಂತಿಲ್ಲ. ಸೋಂಕಿನ ಆರಂಭದಲ್ಲಿ ಏಳುವ ಐಜಿಎಂ ಪ್ರತಿಕಾಯದ ಪರೀಕ್ಷೆಯಂತೂ ಹಳೆಯ ಸೋಂಕು ಮರುಕಳಿಸಿದಾಗಲೂ ಪಾಸಿಟಿವ್ ಆಗಬಹುದಾದ್ದರಿಂದ ಹೊಸ ಸೋಂಕನ್ನು ಗುರುತಿಸಲು ನೆಚ್ಚುವಂತಿಲ್ಲ. ಇನ್ನು, ಶೇ. 95 ಸೂಕ್ಷ್ಮತೆ (ಸೋಂಕಿದ್ದವರನ್ನು ಪಾಸಿಟಿವ್ ಎಂದು ಹಿಡಿಯುವ ಶಕ್ತಿ) ಮತ್ತು ಶೇ. 95 ನಿರ್ದಿಷ್ಟತೆ (ಸೋಂಕಿಲ್ಲದವರನ್ನು ನೆಗೆಟಿವ್ ಎಂದು ಹೇಳುವ ಶಕ್ತಿ) ಇರುವ ಒಂದು ಪರೀಕ್ಷೆಯನ್ನು ಊಹಿಸಿಕೊಳ್ಳಿ. ಶೇ. 70 ಮಂದಿಯಲ್ಲಿ ಸೋಂಕಿರುವ ಗುಂಪಿನಲ್ಲಿ ಅದರ 100 ಪಾಸಿಟಿವ್ ಫಲಿತಾಂಶಗಳಲ್ಲಿ ಸುಮಾರು 98 ನಿಜ. ಅದೇ ಪರೀಕ್ಷೆಯನ್ನು ಶೇ. 10 ಸೋಂಕಿರುವ ಗುಂಪಿಗೆ ಒಯ್ದರೆ ನಿಜವಾಗುವುದು ಸುಮಾರು 68 ಮಾತ್ರ. ಲಕ್ಷಣಗಳಿಲ್ಲದ ಸಾಮಾನ್ಯ ಜನರಿಗೆ ಈ ರಕ್ತಪರೀಕ್ಷೆಯನ್ನು ಮಾಡಿಸಬಾರದೆಂದು ಅಮೆರಿಕದ ತಜ್ಞರ ಕಾರ್ಯಪಡೆ 2023ರಲ್ಲಿ ಮತ್ತೊಮ್ಮೆ ಹೇಳಿರುವುದಕ್ಕೆ ಇದೊಂದು ಕಾರಣ.

ಕಪೋಸಿ ಸಾರ್ಕೋಮಾದ ಎಂಟನೆಯ ವೈರಾಣು ಆಫ್ರಿಕಾದ ಕೆಲವು ಭಾಗಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರಲ್ಲಿದೆ, ಭಾರತದಲ್ಲಿ ವಿರಳ. ಆರು, ಏಳರ ಬಗ್ಗೆ ಇಲ್ಲಿ ಸಮಯ ವ್ಯಯಿಸುವುದು ಬೇಡ. ಅವು ಹೆಚ್ಚು ಕಡಿಮೆ ಎಲ್ಲರಿಗೂ ಚಿಕ್ಕಂದಿನಲ್ಲೇ ತಗಲುವಂಥವು.

ಕಣ್ಣಿನ ವೈದ್ಯ, ಮೈಸೂರು (ಮೂಲತಃ ಗೋಣಿಕೊಪ್ಪ)

ಸೈಟೊಮೆಗಾಲೊವೈರಸ್ ಬಗ್ಗೆ ಹೆದರಬೇಡಿ ಎಂದು ಮೇಲೆ ಹೇಳಿದ್ದು ಸರಿ. ಆದರೆ ಆ ಮಾತು ಸಿಡಿ4 ಎಣಿಕೆ ಚೆನ್ನಾಗಿರುವವರಿಗೆ. ಸಿಡಿ4 50ಕ್ಕಿಂತ ಕೆಳಗೆ ಇಳಿದವರಲ್ಲಿ ಅದೇ ವೈರಾಣು ಎಚ್ಚೆತ್ತು ಕಣ್ಣಿನ ರೆಟಿನಾವನ್ನು, ಅಂದರೆ ಬೆಳಕನ್ನು ಗ್ರಹಿಸುವ ಹಿಂಬದಿಯ ಪದರವನ್ನು, ತಿನ್ನಬಹುದು. ಪರಿಣಾಮಕಾರಿ ಎಆರ್‌ಟಿ ಬರುವ ಮೊದಲು ಏಡ್ಸ್ ರೋಗಿಗಳಲ್ಲಿ ಸುಮಾರು ಶೇ. 30 ಮಂದಿಗೆ ಇದು ಬರುತ್ತಿತ್ತೆಂದು ಅಮೆರಿಕದ ಅಂದಾಜು. ಎಆರ್‌ಟಿಯ ನಂತರ ಹೊಸ ಪ್ರಕರಣಗಳು ಶೇ. 90ಕ್ಕೂ ಹೆಚ್ಚು ಇಳಿದವು. ನೋವಿಲ್ಲ, ಕಣ್ಣು ಕೆಂಪಾಗುವುದಿಲ್ಲ. ಕಣ್ಣೆದುರು ಕಪ್ಪು ಚುಕ್ಕೆಗಳು ತೇಲುತ್ತವೆ, ನೋಟದ ಒಂದು ಅಂಚಿನಲ್ಲಿ ಮಸುಕು ಕವಿಯುತ್ತದೆ. ಕೆಲವರಿಗೆ ಅದೂ ತಿಳಿಯುವುದಿಲ್ಲ. ಒಮ್ಮೆ ನಾಶವಾದ ರೆಟಿನಾ ಮರಳಿ ಬರುವುದಿಲ್ಲ.

ಇದಕ್ಕೆ ಅಸೈಕ್ಲೊವಿರ್ ಸಾಲದು. ಗ್ಯಾನ್ಸಿಕ್ಲೊವಿರ್ ಅಥವಾ ವಾಲ್‌ಗ್ಯಾನ್ಸಿಕ್ಲೊವಿರ್ ಬೇಕು, ಕೆಲವೊಮ್ಮೆ ಕಣ್ಣಿನೊಳಗೇ ಚುಚ್ಚುಮದ್ದು ಕೊಡಬೇಕಾಗುತ್ತದೆ. ನನ್ನ ಅಭಿಪ್ರಾಯ ನೇರವಾದದ್ದು: ಐಜಿಜಿ ಸಮೀಕ್ಷೆಗೆ ಖರ್ಚು ಮಾಡುವ ಹಣದಲ್ಲಿ, ಸಿಡಿ4 100ಕ್ಕಿಂತ ಕೆಳಗಿರುವ ಪ್ರತಿಯೊಬ್ಬರನ್ನೂ ಪಾಪೆ ಹಿಗ್ಗಿಸುವ ಹನಿ ಹಾಕಿ ಒಮ್ಮೆ ಪರೀಕ್ಷಿಸುವ ವ್ಯವಸ್ಥೆ ಮಾಡಿ. ಮಳೆಗಾಲದಲ್ಲಿ ಘಟ್ಟದ ರಸ್ತೆ ಕುಸಿದು ಸಂಚಾರ ನಿಂತಾಗ ದೂರದ ತೋಟದಿಂದ ಬರಬೇಕಾದವರು ಬರುವುದಿಲ್ಲ, ಮಾತ್ರೆಯೂ ತಪ್ಪುತ್ತದೆ. ಜೂನ್‌ಗೆ ಮೊದಲೇ ಕೆಲವು ತಿಂಗಳ ಮಾತ್ರೆಯನ್ನು ಒಟ್ಟಿಗೆ ಕೊಟ್ಟು, ಅದೇ ಭೇಟಿಯಲ್ಲಿ ಕಣ್ಣನ್ನೂ ನೋಡಿ ಕಳುಹಿಸುವುದು ಕೊಡಗಿನ ಮಟ್ಟಿಗೆ ಜಾಣತನ.

ಸಾರ್ವಜನಿಕ ಆರೋಗ್ಯ ವಿದ್ಯಾರ್ಥಿ, ಕುಶಾಲನಗರ

ಮೂರು ಉತ್ತರಗಳನ್ನೂ ಓದಿದ ಮೇಲೆ ಪ್ರತಿಕಾಯದ ಸಮೀಕ್ಷೆಗಾಗಿ ನಾನು ಹಟ ಹಿಡಿಯುವುದಿಲ್ಲ. ಆದರೆ ಏನನ್ನೂ ಎಣಿಸದೆ ಇರುವುದಕ್ಕೂ ನಾನು ಒಪ್ಪುವುದಿಲ್ಲ. ಹೆಸರಿಲ್ಲದೆ, ಒಪ್ಪಿಗೆ ಪಡೆದು, ಈಗಾಗಲೇ ಚಿಕಿತ್ಸೆಯ ಭಾಗವಾಗಿ ವೈದ್ಯರು ನೋಡುತ್ತಿರುವ ಕಾಯಿಲೆಗಳನ್ನು ಮಾತ್ರ ಎಣಿಸಬಹುದಲ್ಲವೇ? ಸರ್ಪಸುತ್ತು, ಒಂದು ತಿಂಗಳಿಗೂ ಹೆಚ್ಚು ಮಾಯದೆ ಉಳಿದ ಹರ್ಪಿಸ್ ಹುಣ್ಣು, ರೆಟಿನಾದ ಕಾಯಿಲೆ, ನಾಲಗೆಯ ಅಂಚಿನಲ್ಲಿ ಎಪ್‌ಸ್ಟೀನ್-ಬಾರ್‌ನಿಂದ ಬರುವ, ಉಜ್ಜಿದರೂ ಹೋಗದ ಬಿಳಿ ಗೆರೆಗಳು. ಇವುಗಳ ಜೊತೆಗೆ ಆ ದಿನದ ಸಿಡಿ4 ಎಷ್ಟು, ಎಆರ್‌ಟಿ ಆರಂಭಿಸಿ ಎಷ್ಟು ಕಾಲವಾಯಿತು ಎಂದು ಬರೆದಿಟ್ಟರೆ, ಯಾರು ತಡವಾಗಿ ಚಿಕಿತ್ಸೆಗೆ ಬರುತ್ತಿದ್ದಾರೆ, ಯಾವ ಕಡೆಯಿಂದ ಬರುತ್ತಿದ್ದಾರೆ ಎಂಬುದು ತಿಳಿಯುತ್ತದೆ.

ಆಪ್ತ ಸಮಾಲೋಚಕಿ, ಸೋಮವಾರಪೇಟೆ

ಈ ಸಲಹೆ ನನಗೆ ಒಪ್ಪಿಗೆ, ಒಂದು ಷರತ್ತಿನೊಂದಿಗೆ. ಎಚ್‌ಐವಿ ಮತ್ತು ಏಡ್ಸ್ ತಡೆ ಹಾಗೂ ನಿಯಂತ್ರಣ ಕಾಯ್ದೆ 2017ರಲ್ಲಿ ಅಂಗೀಕಾರವಾಗಿ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ತಿಳಿದು ಕೊಟ್ಟ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಒಬ್ಬರ ಎಚ್‌ಐವಿ ಸ್ಥಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವಂತಿಲ್ಲ, ಕೆಲಸದಿಂದ ತೆಗೆಯುವಂತಿಲ್ಲ. ನೂರು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಯಲ್ಲಿ ದೂರು ಅಧಿಕಾರಿಯೊಬ್ಬರು ಇರಲೇಬೇಕು. ದೊಡ್ಡ ತೋಟಗಳ ಆಡಳಿತದವರು ಇದನ್ನು ಗಮನಿಸಬೇಕು. ಎಣಿಕೆಯ ಪುಸ್ತಕದಲ್ಲಿ ಊರಿನ ಹೆಸರನ್ನೂ ಬರೆಯಬಾರದು, ತಾಲ್ಲೂಕು ಸಾಕು. ನಾಲ್ಕೈದು ಮನೆಗಳ ಹಾಡಿಯ ಹೆಸರು ಬರೆದರೆ ಮನುಷ್ಯನ ಹೆಸರನ್ನೇ ಬರೆದಂತೆ.

ಸೊಂಟದ ಕೆಳಗೆ ಹುಣ್ಣಾದವರು ನಾಚಿಕೆಯಿಂದ ಔಷಧಿ ಅಂಗಡಿಯ ಮುಲಾಮು ಹಚ್ಚಿಕೊಂಡು ಸುಮ್ಮನಾಗುತ್ತಾರೆ. ಅವರಿಗಾಗಿ ಒಂದು ಮಾತು: ಸರ್ಕಾರಿ ಆಸ್ಪತ್ರೆಗಳಲ್ಲಿ ಲೈಂಗಿಕ ರೋಗಗಳಿಗಾಗಿ ಇರುವ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಲಕ್ಷಣ ನೋಡಿ ಉಚಿತವಾಗಿ ಔಷಧಿ ಕೊಡುತ್ತಾರೆ, ಹರ್ಪಿಸ್ ಹುಣ್ಣಿನ ಕೆಂಪು ಬಣ್ಣದ ಕಿಟ್‌ನಲ್ಲಿ ಇರುವುದು ಅಸೈಕ್ಲೊವಿರ್ ಮಾತ್ರೆಯೇ. ಹೋಗಲು ಹಿಂಜರಿಕೆ ಇದ್ದರೆ 1097 ಸಹಾಯವಾಣಿಗೆ ಕರೆ ಮಾಡಿ ಮೊದಲು ಮಾತಾಡಬಹುದು, ಹೆಸರು ಹೇಳಬೇಕಾಗಿಲ್ಲ.

ಎಚ್‌ಐವಿ ಜೊತೆ ಬದುಕುತ್ತಿರುವ ಸದಸ್ಯರು (ಊರು ಬೇಡ)

ತಾಲ್ಲೂಕಿನ ಹೆಸರು ಮಾತ್ರ ಎಂದಾದರೆ ನನ್ನ ಅಭ್ಯಂತರವಿಲ್ಲ. ನನಗೆ ಉಳಿದಿರುವುದು ಒಂದೇ ಪ್ರಶ್ನೆ. ಸರ್ಪಸುತ್ತಿಗೆ ಲಸಿಕೆ ಬಂದಿದೆಯಂತೆ. ನಮ್ಮಂಥವರು ಹಾಕಿಸಿಕೊಳ್ಳಬಹುದೇ ಡಾಕ್ಟರ್ ಮೇಡಂ?

ವೈದ್ಯೆ, ವಿರಾಜಪೇಟೆ

ಹಾಕಿಸಿಕೊಳ್ಳಬಹುದು. 2023ರಿಂದ ಭಾರತದಲ್ಲಿ ಸಿಗುತ್ತಿರುವ ಲಸಿಕೆಯಲ್ಲಿ ಜೀವಂತ ವೈರಾಣು ಇಲ್ಲ, ಅದರ ಒಂದು ಪ್ರೋಟೀನ್ ಮಾತ್ರ ಇದೆ. ಆದ್ದರಿಂದ ನಿರೋಧಕ ಶಕ್ತಿ ಕುಂದಿದವರಿಗೂ ಕೊಡಬಹುದು. ಎರಡು ಡೋಸ್‌ಗಳ ನಡುವೆ ಎರಡರಿಂದ ಆರು ತಿಂಗಳ ಅಂತರವಿರಬೇಕು. 50 ದಾಟಿದವರಿಗೂ, ಅಪಾಯ ಹೆಚ್ಚಿರುವ 18 ವರ್ಷ ಮೇಲ್ಪಟ್ಟವರಿಗೂ ಅದು ಉದ್ದೇಶಿತ. ತೊಂದರೆ ಬೆಲೆಯದು: ಅದು ದುಬಾರಿ, ಕೂಲಿ ಮಾಡುವವರ ಕೈಗೆಟುಕುವಂತಿಲ್ಲ. ಹಣವಿದ್ದು ಹಾಕಿಸಿಕೊಳ್ಳುವವರು, ಸಿಡಿ4 ಈಗಷ್ಟೇ ಏರುತ್ತಿದ್ದರೆ, ವೈರಲ್ ಲೋಡ್ ಹತೋಟಿಗೆ ಬರುವವರೆಗೆ ಕಾಯಬೇಕೇ ಎಂದು ತಮ್ಮ ಎಆರ್‌ಟಿ ವೈದ್ಯರನ್ನು ಕೇಳಲಿ. ಆಗ ಲಸಿಕೆ ಚೆನ್ನಾಗಿ ಹಿಡಿಯುತ್ತದೆ. ಹಣವಿಲ್ಲದವರು ಕೊರಗಬೇಕಾಗಿಲ್ಲ. ಎಆರ್‌ಟಿ ಮಾತ್ರೆ ನಮ್ಮ ದೇಶದಲ್ಲಿ 2004ರ ಏಪ್ರಿಲ್‌ನಿಂದ ಉಚಿತವಾಗಿ ಸಿಗುತ್ತಿದೆ. ಅದನ್ನು ಒಂದು ದಿನವೂ ಬಿಡದೆ ತೆಗೆದುಕೊಂಡು ಸಿಡಿ4ನ್ನು ಮೇಲಿಟ್ಟುಕೊಂಡರೆ, ಈ ಎಂಟೂ ವೈರಾಣುಗಳಿಂದ ಬರುವ ಕಾಯಿಲೆಗಳು ಬಹುಮಟ್ಟಿಗೆ ತಗ್ಗುತ್ತವೆ. ಸೋಮವಾರಪೇಟೆಯ ಮೇಡಂ, ಆ ವರದಿ ಹಿಡಿದು ಬಂದವರನ್ನು ಅವರ ಇತ್ತೀಚಿನ ಸಿಡಿ4 ಮತ್ತು ವೈರಲ್ ಲೋಡ್ ಚೀಟಿಯೊಂದಿಗೆ ನನ್ನ ಬಳಿಗಾಗಲಿ ಅವರ ಎಆರ್‌ಟಿ ಕೇಂದ್ರಕ್ಕಾಗಲಿ ಕಳುಹಿಸಿ. ನಾನು ಮೊದಲು ನೋಡಬೇಕಾದದ್ದು ಆ ಎರಡು ಅಂಕಿಗಳನ್ನು.